ಕೆಂಪು ದೀಪ, ಹಸಿರು ದೀಪ

"ಮಾಡಿಕೊಡ್ರಿ ಅಂತ ನಿಮಗ ಯಾರು ಕೇಳ್ಯಾರ? ಪುಣೆದ ಕಂಪನಿ ವಿಳಾಸ ಕೇಳೇನಿ. ಗೊತ್ತಿದ್ದರ ಹೇಳ್ರಿ, ಇಲ್ಲಂದ್ರ ಇಲ್ಲ ಅನ್ರಿ."

ಸಾಜಿಯಾಳ ದನಿಗೆ, ಎದುರಿನ ಮುರಗೆಪ್ಪನ ಚಹಾದಂಗಡಿಯಲ್ಲಿ ಕೂತವರ ಬಶಿಗಳು ತುಟಿಯ ಹತ್ತಿರವೇ ನಿಂತವು.

ತೊಂಬತ್ತೆಂಟರ ಬೇಸಿಗೆ. ಜತ್ತದ ಸಂತೆಯ ದಿನ. ರೇಡಿಯೊ, ಟೀವಿ ರಿಪೇರಿಯ ಗೂಡಿನಂಥ ಅಂಗಡಿಯೊಳಗೆ ಅಶಪಾಕ ಬೆಸುಗೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ವಿಳಾಸ ಗೊತ್ತೈತ್ರಿ. ಆದ್ರ ಅವರ ಕಂಟ್ರೋಲರ್ ನಿಮ್ಮ ತತ್ತಿ ಕಾವಿನ ಪೆಟ್ಟಿಗಿಗೆ ಉಪಯೋಗ ಬರೂದಿಲ್ಲ."

"ಅದನ್ನ ಹೇಳಾಂವ ನೀವ್ಯಾರು?"

"ಅದು ಬಿಸಿ ಅಷ್ಟ ನೋಡತೈತಿ. ಕಾವು ಕಡಿಮಿ ಆದ್ರ ಬಲ್ಬ್ ಹಚ್ಚತೈತಿ, ಜಾಸ್ತಿ ಆದ್ರ ಆರಸತೈತಿ. ಎಪ್ರಿಲ್ ತಿಂಗಳ ಬಿಳೂರಾಗ ಹೊರಗಿನ ಹವಾನ ನಲವತ್ತು ದಾಟತೈತಿ. ಬಲ್ಬ್ ಆರಿಸಿದ ಮ್ಯಾಲ ತಂಪು ಎಲ್ಲಿಂದ ಬರಬೇಕು? ಬಿಸಿ-ತಂಪು ಎರಡೂ ನೋಡೂದು ಅವರ ಹಂತ್ಯಾಕ ಐತಿ. ಆರ್ಡರ್ ಕೊಟ್ಟರ ಮಳಿಗಾಲಕ್ಕ ಬರತೈತಿ."

ಸಾಜಿಯಾಳಿಗೆ ಸಿಟ್ಟು ಬಂತು. ಅವನು ಹೇಳಿದ್ದು ಖರೆ ಎಂಬುದಕ್ಕೇ ಹೆಚ್ಚು ಸಿಟ್ಟು.

"ನೀವು ಮಾಡಿದ್ದು ಕೆಟ್ಟರ?"

"ಬಿಳೂರಿಗೆ ಬಂದು ರಿಪೇರಿ ಮಾಡ್ತೀನಿ. ಪುಣೆದವರು ಬರ್ತಾರೇನು?"

"ತತ್ತಿ ರಿಪೇರಿ ಮಾಡ್ತೀರೇನು?"

ಚಹಾದಂಗಡಿಯಲ್ಲಿ ನಗೆ ಎದ್ದಿತು. ಅಶಪಾಕ ಈಗ ತಲೆ ಎತ್ತಿದ. ಮೂಗಿನ ಮೇಲೆ ಬೆಸುಗೆಯ ಹೊಗೆ, ಕಣ್ಣಲ್ಲಿ ನೀರು. ಆ ನೀರು ಹೊಗೆಯದ್ದು ಎಂದು ಗೊತ್ತಿದ್ದರೂ ಸಾಜಿಯಾ ಒಂದು ಗಳಿಗೆ ತಬ್ಬಿಬ್ಬಾದಳು.

"ಇಲ್ರಿ," ಎಂದ ಅವನು. "ತತ್ತಿ ರಿಪೇರಿ ನನಗ ಬರೂದಿಲ್ಲ. ಅದಕ್ಕ ಕೆಡಲಾರದ್ದು ಮಾಡ್ತೀನಿ."

ಎಂಥ ಸೊಕ್ಕು... ಎಂದುಕೊಂಡಳು. ಆದರೆ ಬಿಳೂರಿನ ಬಸ್ಸಿನಲ್ಲಿ ಕೂತು ಊರು ಮುಟ್ಟುವತನಕ ಆ ಸೊಕ್ಕನ್ನೇ ನೆನೆಯುತ್ತಿದ್ದಳು.

*

ಸಾಜಿಯಾಳ ತಂದೆ ಮಕ್ತುಮಸಾಬ ಮೊದಲು ಬುಟ್ಟಿಯಲ್ಲಿ ಹೊಟ್ಟು ಹಾಸಿ, ಕಾವಿಗೆ ಬಂದ ಕೋಳಿಗಳನ್ನು ಕೂರಿಸಿ ಮರಿ ಮಾಡಿಸುತ್ತಿದ್ದ. ಸುತ್ತಲಿನ ಹೆಂಗಸರು ಜವಾರಿ ತತ್ತಿ ತಂದುಕೊಡುವುದು, ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ಇವರಿಗೆ. ಅದು ಪಾಲಿನ ಪದ್ಧತಿ. ಅದಕ್ಕೆ ಕಾಗದ ಪತ್ರ ಇರಲಿಲ್ಲ, ಮಕ್ತುಮಸಾಬನ ಮಾತು ಇತ್ತು.

ಸಾಜಿಯಾ ಹನ್ನೆರಡನೇ ಇಯತ್ತೆ ಮುಗಿಸಿ, ಮಿರಜದಲ್ಲಿ ಕೋಳಿ ಸಾಕಣೆಯ ತರಬೇತಿ ಮುಗಿಸಿ ಬಂದವಳು ಬುಟ್ಟಿಗಳನ್ನು ಎತ್ತಿಟ್ಟು ಕಪಾಟಿನಂಥ ಕಾವಿನ ಪೆಟ್ಟಿಗೆ ಮಾಡಿಸಿದಳು. ಒಳಗೆ ಬಲ್ಬು, ಪಂಖ, ಮೂರು ಸಾಲು ತಟ್ಟೆ. ಬೆನ್ನಿಗೆ ಒಂದು ಕೂಲರ್. ಹಳೆಯ ಕಂಟ್ರೋಲರ್ ಸುಟ್ಟುಹೋಗಿತ್ತು. ಬೇಸಿಗೆ ತಲೆಯ ಮೇಲೆ ಬಂದಿತ್ತು.

"ಕೊಂಡು ತಗೊಂಡ್ರ ಕಂಪನಿ ಹೆಸರು ಇರತೈತಿ," ಎಂದ ಅಣ್ಣ ಶಾಹನವಾಜ. ಮನೆಯ ಲೆಕ್ಕವೆಲ್ಲ ಅವನದು. "ಮಾಡಿಸಿದ್ದು ಯಾವನ ಹೆಸರಿಲೆ ನಡೀಬೇಕು?"

"ಮಾಡಿದಾಂವನ ಹೆಸರಿಲೆ," ಎಂದ ಮಕ್ತುಮಸಾಬ. "ನಮ್ಮ ಪಾಲು ನನ್ನ ಹೆಸರಿಲೆ ನಡೀಲಿಲ್ಲೇನು?"

ಅಶಪಾಕ ಬಿಳೂರಿಗೆ ಬಂದ. ಒಮ್ಮೆ ಪೆಟ್ಟಿಗೆಯ ಅಳತೆಗೆ. ಒಮ್ಮೆ ತಂತಿ ಎಳೆಯಲು. ಆಮೇಲೆ ಕಾರಣವಿಲ್ಲದೆಯೂ ಬಂದ. ಬಂದಾಗಲೆಲ್ಲ ಇಬ್ಬರೂ ಜಗಳವಾಡಿದರು.

"ಸೆನ್ಸರ್ ಗ್ವಾಡಿಗೆ ಹಚ್ಚರಿ. ನಡುವ ಜೋತುಬಿದ್ದರ ನನ್ನ ಕೈಗೆ ತಾಗತೈತಿ."

"ಗ್ವಾಡಿಗೆ ಹಚ್ಚಿದರ ಗ್ವಾಡಿ ಎಷ್ಟ ಬಿಸಿ ಐತಿ ಅಂತ ಹೇಳತೈತಿ. ನಿಮಗ ಗ್ವಾಡಿ ಮರಿ ಬೇಕೇನು, ಕೋಳಿ ಮರಿ ಬೇಕೇನು?"

ಅವಳು ನಕ್ಕುಬಿಟ್ಟಳು. ಅವನು ಸೆನ್ಸರನ್ನು ದಾರ ಕಟ್ಟಿ ತತ್ತಿಗಳ ಮಟ್ಟಕ್ಕೆ ಇಳಿಬಿಟ್ಟ. ತತ್ತಿಗೆ ಅನಿಸುವುದೇ ಅದಕ್ಕೂ ಅನಿಸಬೇಕು ಎಂದ. ಹೊರಗೆ ಎರಡು ಪುಟ್ಟ ದೀಪ ಕೂರಿಸಿದ. ಒಳಗೆ ಕಾವು ಕಡಿಮೆಯಾದರೆ ಕೆಂಪು ಹತ್ತುತ್ತದೆ, ಬಲ್ಬು ಉರಿಯುತ್ತದೆ. ಹೆಚ್ಚಾದರೆ ಹಸಿರು, ಕೂಲರ್ ತಿರುಗುತ್ತದೆ.

ಅದೇ ವಾರ ಹಿರಿಯರು ಕೂತು ಮಾತು ಮುಗಿಸಿದರು. ಮಳೆಗಾಲ ಕಳೆದ ಮೇಲೆ ಇಬ್ಬರ ನಿಖಾ. ಶಾಹನವಾಜನ ಮುಖ ಸಪ್ಪಗಿತ್ತು, ಆದರೆ ತಂದೆಯ ಎದುರು ಮಾತಾಡಲಿಲ್ಲ.

ಹೊಸ ಕಂಟ್ರೋಲರ್ ಮೇಲೆ ಮೊದಲ ಪಾಲಿನ ತತ್ತಿಗಳು ಕೂತವು. ಸಾಜಿಯಾ ಪ್ರತಿ ರಾತ್ರಿ ಪೆಟ್ಟಿಗೆಯ ಮುಂದೆ ಚಾಪೆ ಹಾಕಿಕೊಂಡು, ಎದ್ದೆದ್ದು ಒಳಗಿನ ಪಾದರಸದ ಥರ್ಮಾಮೀಟರ್ ನೋಡಿದಳು. ಕಾವು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಕೆಂಪು, ಹಸಿರು, ಕೆಂಪು, ಹಸಿರು... ಯಾರೋ ಪಕ್ಕದಲ್ಲಿ ಕೂತು ಉಸಿರಾಡುತ್ತಿದ್ದಂತೆ.

ಮರಿ ಒಡೆಯಲು ಮೂರು ದಿನ ಇದ್ದಾಗ ಅಶಪಾಕ ಬಂದು ಅವಳ ಮುಖ ನೋಡಿದ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಇವತ್ತರೆ ನೀ ಮಲ್ಕೊ, ಸಾಜಿಯಾ," ಎಂದ. ಮೊದಲ ಸಲ 'ನೀ' ಎಂದಿದ್ದ. "ಅದು ಎಚ್ಚರ ಇರತೈತಿ."

ಅವಳು ನಂಬಿದಳು. ಸಂಜೆಯ ಕೆಲಸವೆಲ್ಲ ಮುಗಿಸಿ, ಕೊನೆಯ ದಿನಗಳಲ್ಲಿ ಯಾವಾಗಲೂ ಮಾಡುವಂತೆ ಎಲ್ಲ ಸಜ್ಜು ಮಾಡಿ ಬಾಗಿಲು ಮುಚ್ಚಿದಳು. ಬಹಳ ದಿನಗಳ ಮೇಲೆ ಮನೆಯೊಳಗೆ ಹೋಗಿ ಮಲಗಿದಳು.

ಬೆಳಗ್ಗೆ ಬಂದಾಗ ಕೆಂಪು ದೀಪ ಉರಿಯುತ್ತಿತ್ತು.

ಬಾಗಿಲು ತೆರೆದರೆ ಮುಖಕ್ಕೆ ಬೆಂದ ವಾಸನೆ ಹೊಡೆಯಿತು. ಪಾದರಸ ಎಲ್ಲಿರಬೇಕೋ ಅದಕ್ಕಿಂತ ಬಹಳ ಮೇಲಿತ್ತು. ಒಂದು ತತ್ತಿಯನ್ನು ಕಿವಿಗೆ ಹಿಡಿದಳು. ನಿನ್ನೆ ಸಂಜೆ ಅದರೊಳಗೆ ಕೊಕ್ಕಿನಿಂದ ಕುಕ್ಕುವ ಸದ್ದು ಕೇಳಿತ್ತು. ಈಗ ಏನೂ ಇರಲಿಲ್ಲ.

ಇನ್ನೊಂದು. ಮತ್ತೊಂದು. ಎಲ್ಲವೂ ಬಿಸಿ. ಎಲ್ಲವೂ ಮೌನ.

*

ಅಶಪಾಕ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಸಾಜಿಯಾ ಪೆಟ್ಟಿಗೆಯೊಳಗಿನದನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದ್ದಳು. ಪಾಲಿನ ಹೆಂಗಸರು ಬೇಲಿಯ ಗುಂಟ ನಿಂತಿದ್ದರು. ಅವರ ಮುಂದೆ ಕುರುಬರ ಓಣಿಯ ದುಂಡವ್ವ. ತನ್ನ ಕರಿ ಕೋಳಿಯ ತತ್ತಿಗಳನ್ನು ಒಂದೂ ಬಿಡದೆ ತಂದುಕೊಟ್ಟವಳು.

"ನಮ್ಮ ಕೋಳಿಗೆ ಯಾವ ದೀಪ ಇತ್ತವಾ, ಯಾವ ಬಟನ್ ಇತ್ತು?" ಎಂದಳು ದುಂಡವ್ವ. "ಕುಂಡಿ ಊರಿ ಕುಂತರ ಮರಿ ಎಬ್ಬಸ್ತಿತ್ತು."

ಯಾರೂ ನಗಲಿಲ್ಲ.

ಅಶಪಾಕ ಬೋರ್ಡ್ ಬಿಚ್ಚಿದ. ಪ್ರತಿ ಬೆಸುಗೆಯನ್ನೂ ಉಗುರಿನಿಂದ ಒತ್ತಿ ನೋಡಿದ. ಸೆನ್ಸರನ್ನು ಬಿಸಿಲಿಗೆ ಹಿಡಿದ, ಹಸಿರು ಹತ್ತಿತು. ತಣ್ಣೀರಿನ ತಂಬಿಗೆಗೆ ತಾಗಿಸಿದ, ಕೆಂಪು ಹತ್ತಿತು. ಎಲ್ಲವೂ ಸರಿಯಿತ್ತು.

"ಈಗ ಚಲೋ ನಡೀತೈತಿ ನೋಡ್ರಿ," ಎಂದ ಶಾಹನವಾಜ ಹೆಂಗಸರ ಕಡೆ ತಿರುಗಿ. "ತತ್ತಿ ಬೆಂದ ಮ್ಯಾಲ."

ಅಶಪಾಕ ಬೋರ್ಡನ್ನು ಕೆಳಗಿಟ್ಟ. ಸಾಜಿಯಾಳ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ನಿನ್ನೆ ನಾ ಹೋದ ಮ್ಯಾಲ ಒಳಗ ಏನರೆ ಮುಟ್ಟೀಯೇನು? ವಾಯರ್, ಸೆನ್ಸರ್... ಏನರೆ?"

ಅವಳ ಕೈಯಲ್ಲಿ ಇನ್ನೂ ಒಂದು ಸತ್ತ ತತ್ತಿ ಇತ್ತು.

"ಇಲ್ಲ."

"ನೆನಪ ಮಾಡ್ಕೊಂಡು ಹೇಳು."

"ಇಲ್ಲ ಅಂದೆ. ನಿನ್ನ ತಪ್ಪು ತಂದು ನನ್ನ ತಲಿ ಮ್ಯಾಲ ಹಾಕಬ್ಯಾಡ. ಎಚ್ಚರ ಇರತೈತಿ ಅಂದಿದ್ದಿಲ್ಲ? ಹಿಂಗ ಎಚ್ಚರ ಇತ್ತೇನು?"

ಅವಳ ದನಿ ಬೇಲಿಯ ಆಚೆಗೂ ಕೇಳಿಸಿತು. ಅವನು ಅವಳನ್ನೇ ನೋಡಿದ. ಒಂದು ಮಾತಾಡಿದ್ದರೆ... ಒಂದು ಸಲ ಸಿಟ್ಟಿಗೆದ್ದಿದ್ದರೆ ಅವಳು ಅತ್ತುಬಿಡುತ್ತಿದ್ದಳೇನೋ. ಅವನು ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟುಹೋದ.

"ಆ ಹುಡುಗನ ಕೈ ಸುಳ್ಳಲ್ಲ," ಎಂದ ಮಕ್ತುಮಸಾಬ ಅಂದು ಸಂಜೆ.

"ಹಂಗಾರ ನಾ ಸುಳ್ಳೇನು, ಅಬ್ಬಾ?" ಎಂದಳು ಸಾಜಿಯಾ.



ಮುಂದಿನ ಸಂತೆಯಲ್ಲಿ ಶಾಹನವಾಜ ಮುರಗೆಪ್ಪನ ಅಂಗಡಿಯಲ್ಲಿ ಕೂತು, ಅಶಪಾಕನಿಗೆ ಕೇಳುವಂತೆಯೇ ಕಥೆ ಹೇಳಿದ. ತತ್ತಿ ಬೇಯಿಸುವ ಮಷೀನ್ ಬೇಕಿದ್ದರೆ ಎದುರಿನ ಅಂಗಡಿಗೆ ಹೋಗಿ ಎಂದ. ಸಂತೆಯಲ್ಲಿ ಹೇಳಿದ ಮಾತು ದೂರದ ತಿಕೋಂಡಿಯ ತನಕ ಹೋಯಿತು. ಟೀವಿ ತರುವವರು ಕಡಿಮೆಯಾದರು, ರೇಡಿಯೊ ತರುವವರು ನಿಂತರು. ಮಳೆಗಾಲ ಮುಗಿಯುವ ಮೊದಲೇ ಅಂಗಡಿಯ ಶಟರ್ ಇಳಿಯಿತು. ತಾಸಗಾವದ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕೆ ಸೇರಿದನಂತೆ ಎಂಬ ಸುದ್ದಿ ಬಂತು.

ನಿಖಾದ ಮಾತನ್ನು ಯಾರೂ ಮುರಿಯಲಿಲ್ಲ. ಯಾರೂ ಎತ್ತಲೂ ಇಲ್ಲ. ಅದು ಹಾಗೆಯೇ ಒಣಗಿಹೋಯಿತು.

*

ಪುಣೆಯಿಂದ ಕಂಟ್ರೋಲರ್ ಬಂತು. ಕೊಂಡದ್ದು. ಕಬ್ಬಿಣದ ಡಬ್ಬಿ, ಕೆಂಪು ಅಂಕಿ, ಸೆನ್ಸರ್ ಪೆಟ್ಟಿಗೆಯ ಮಾಳಿಗೆಗೆ ಸ್ಕ್ರೂ ಹಾಕಿ ಬಿಗಿದದ್ದು. ಮರಿಗಳು ಹುಟ್ಟಿದವು. ಪಾಲಿನ ಹೆಂಗಸರು ಮರಳಿ ಬಂದರು. ದುಂಡವ್ವ ಎಲ್ಲರಿಗಿಂತ ಕೊನೆಗೆ ಬಂದಳು, ಬೈಯುತ್ತಲೇ ಬಂದಳು.

ಸಾಜಿಯಾಳನ್ನು ನೋಡಲು ಗಂಡುಗಳೂ ಬಂದರು. ಅವಳು ಒಲ್ಲೆ ಎಂದಳು. ಕಾರಣ ಕೇಳಿದರೆ ಕಾವಿಗೆ ತತ್ತಿ ಇಟ್ಟೇನಿ, ಈಗ ಬ್ಯಾಡ ಎನ್ನುತ್ತಿದ್ದಳು. ಕಾವಿಗೆ ಯಾವಾಗಲೂ ತತ್ತಿ ಇರುತ್ತಿತ್ತು.

ಮಕ್ತುಮಸಾಬ ತೀರಿಕೊಂಡ. ಕೊನೆಯ ದಿನಗಳಲ್ಲಿ ಒಮ್ಮೆ, "ಆ ಹುಡುಗ ಏನು ಮಾಡಕತ್ತಾನೋ..." ಎಂದಿದ್ದ. ಅವಳು ಕೇಳದವಳಂತೆ ಎದ್ದು ಹೋಗಿದ್ದಳು.

ಎರಡು ಸಾವಿರದ ಮೂರರ ಬೇಸಿಗೆ. ಇಲಿಯೊಂದು ಸೆನ್ಸರಿನ ವಾಯರ್ ಕಡಿಯಿತು. ಕಂಪನಿಯ ಮನುಷ್ಯ ಬಂದು ಹೊಸ ವಾಯರ್ ಹಾಕಿದ. ಅವನು ತಂದದ್ದು ಉದ್ದವಿತ್ತು. ಸೆನ್ಸರನ್ನು ಮಾಳಿಗೆಗೆ ಬಿಗಿಯದೆ ಹಾಗೆಯೇ ನಡುವೆ ಇಳಿಬಿಟ್ಟು ಹೋದ. ಸಾಜಿಯಾ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಮರಿ ಒಡೆಯಲು ಮೂರು ದಿನ ಉಳಿದಿತ್ತು. ಈ ಕೊನೆಯ ದಿನಗಳಲ್ಲಿ ಒಳಗಿನ ಹವೆ ಒದ್ದೆಯಾಗಿರಬೇಕು. ಇಲ್ಲದಿದ್ದರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಬುಟ್ಟಿಯ ಕಾಲದಿಂದಲೂ ಮಕ್ತುಮಸಾಬ ಬುಟ್ಟಿಗಳ ಮೇಲೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಿದ್ದ. ಸಾಜಿಯಾ ಪೆಟ್ಟಿಗೆಯೊಳಗೆ ಅದನ್ನೇ ಮಾಡುತ್ತಿದ್ದಳು. ಸಂಜೆಯಾದರೆ ಕೈಕಾಲು ತೊಳೆಯುವಷ್ಟೇ ರೂಢಿಯ ಕೆಲಸ.

ಅಂದೂ ಗೋಣಿತಟ್ಟನ್ನು ನೀರಲ್ಲಿ ಅದ್ದಿ, ಹಿಂಡಿ, ತಟ್ಟೆಗಳ ನಡುವೆ ಇಳಿಬಿಟ್ಟಳು. ಬಾಗಿಲು ಮುಚ್ಚಿದಳು.

ಅಂಕಿ ಮೂವತ್ತೇಳೂವರೆ ಇತ್ತು. ಕೆಳಗಿಳಿಯಿತು. ಮೂವತ್ತಾರು. ಮೂವತ್ತೈದು. ಮೂವತ್ತಮೂರು...

ಬಾಗಿಲು ತೆರೆದಿದ್ದಕ್ಕೆ ಇರಬೇಕು ಎಂದುಕೊಂಡಳು. ಬಲ್ಬುಗಳು ಹತ್ತಿ ಉರಿಯುತ್ತಲೇ ಇದ್ದವು. ಅಂಕಿ ಏರಲಿಲ್ಲ. ಗಾಜಿನ ಕಿಂಡಿಯಿಂದ ಒಳಗಿನ ಪಾದರಸ ನೋಡಿದಳು. ಅದು ಮೂವತ್ತೆಂಟು ದಾಟಿ, ನಿಲ್ಲದೆ ಮೇಲೇರುತ್ತಿತ್ತು.

ಒಂದೇ ಪೆಟ್ಟಿಗೆ. ಒಂದು ತಂಪು ಅನ್ನುತ್ತದೆ, ಒಂದು ಬಿಸಿ ಅನ್ನುತ್ತದೆ.

ಬಾಗಿಲು ತೆರೆದಳು. ಒದ್ದೆ ಗೋಣಿತಟ್ಟು ಸೆನ್ಸರಿಗೆ ಅಂಟಿಕೊಂಡು, ಅದನ್ನು ಮಗುವಿನಂತೆ ಸುತ್ತಿಕೊಂಡಿತ್ತು.

ಮನೆಯ ಮುಂದೆ, ಒದ್ದೆ ಬಟ್ಟೆ ಸುತ್ತಿದ ನೀರಿನ ಬಿಂದಿಗೆ ಇತ್ತು. ಸುಡು ಬಿಸಿಲಲ್ಲೂ ಅದರ ನೀರು ತಣ್ಣಗಿರುತ್ತದೆ. ಹುಟ್ಟಿದಾಗಿನಿಂದ ಆ ನೀರು ಕುಡಿದವಳು ಅವಳು.

ಸಾಜಿಯಾ ಗೋಣಿತಟ್ಟನ್ನು ಎಳೆದು ಹಾಕಿದಳು. ಅಂಕಿ ಸರಸರನೆ ಏರಿತು. ಕೂಲರ್ ತಿರುಗಿತು.

ಅವಳು ನೆಲದ ಮೇಲೆ ಕೂತಳು.

ಒಳಗ ಏನರೆ ಮುಟ್ಟೀಯೇನು?

ಇಲ್ಲ.

ನೆನಪ ಮಾಡ್ಕೊಂಡು ಹೇಳು.

ಇಲ್ಲ ಅಂದೆ...

ಸುಳ್ಳು ಹೇಳಿರಲಿಲ್ಲ. ಗೋಣಿತಟ್ಟು ಹಾಕುವುದನ್ನು ಯಾರಾದರೂ 'ಮುಟ್ಟುವುದು' ಎಂದುಕೊಳ್ಳುತ್ತಾರೆಯೇ? ಅವನು ಬರುವ ಮೊದಲೇ ಅದನ್ನು ತಾನೇ ಕಿತ್ತು ಅಂಗಳಕ್ಕೆ ಎಸೆದಿದ್ದಳು. ಬಿಸಿಲಿಗೆ ಒಣಗಿ ಅವನ ಕಾಲ ಕೆಳಗೇ ಬಿದ್ದಿತ್ತು.

"ಯಾಕ ಕುಂತಿ?" ಎಂದ ಒಳಗೆ ಬಂದ ಶಾಹನವಾಜ.

ಅವಳು ಹೇಳಿದಳು. ಅವನು ಕೇಳಿ, ಸ್ವಲ್ಪ ಹೊತ್ತು ಮೀಸೆ ಸವರಿಕೊಂಡ.

"ಆಗಿದ್ದು ಆಗಿ ಹೋತು. ಈಗ ಯಾರಿಗೆ ನೆನಪೈತಿ ಅದು?"

"ಅವನಿಗೆ ಇರತೈತಿ."

"ಬಾಯಿ ಬಿಟ್ಟರ ನಿನ್ನ ಹೆಸರ ಕೆಡತೈತಿ. ಪಾಲಿನವರು ಏನಂತಾರ?"

"ಅವನ ಹೆಸರ ಕೆಟ್ಟಾಗ ಚಂದ ಅನಿಸಿತ್ತಲ್ಲ, ಭಾಯಿ, ನಿನಗ?"

*

ತಾಸಗಾವದ ಕೋಲ್ಡ್ ಸ್ಟೋರೇಜಿನ ಗೇಟಿನಲ್ಲಿ ಕಾವಲುಗಾರ ಮರಾಠಿಯಲ್ಲಿ ಹೆಸರು ಕೇಳಿ ಒಳಗೆ ಹೋದ. ಸುಡುವ ಬಿಸಿಲಿಗೆ ಅಶಪಾಕ ಸ್ವೆಟರ್ ಹಾಕಿಕೊಂಡೇ ಹೊರಗೆ ಬಂದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

ಅವಳನ್ನು ಕಂಡು ನಿಂತ. "ನಿಮ್ಮ ಅಬ್ಬಾ ಹೋದ್ರು ಅಂತ ಕೇಳಿದೆ. ಬರಬೇಕಂದೆ... ಬರಲಿಲ್ಲ."

"ಅಬ್ಬಾನ ಸುದ್ದಿಗೆ ಬಂದಿಲ್ಲ," ಎಂದಳು ಸಾಜಿಯಾ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಬಿದ್ದುಹೋದವು. "ಅಂದು ನೀ ಕೇಳಿದ್ದಿ. ಒಳಗ ಏನರೆ ಮುಟ್ಟೀಯೇನು ಅಂತ."

"ಹೂಂ."

"ಮುಟ್ಟಿದ್ದೆ. ಒದ್ದಿ ಗೋಣಿತಟ್ಟು ಇಳಿಬಿಟ್ಟಿದ್ದೆ. ನಿನ್ನ ಸೆನ್ಸರ್ ಮ್ಯಾಲ."

ಅವನು ನಿಧಾನಕ್ಕೆ ಸ್ವೆಟರ್ ಬಿಚ್ಚಿದ. ಅದನ್ನು ಮಡಚಿದ. ಮತ್ತೆ ಮಡಚಿದ.

"ಅದಕ್ಕ ತಂಪು ಅನಿಸೇತಿ," ಎಂದ.

"ಹೂಂ."

"ಬಲ್ಬ್ ಆರಿಸಿಲ್ಲ."

"ಹೂಂ."

"ಬಾ," ಎಂದ.

ಗೇಟಿನ ಪಕ್ಕದಲ್ಲೇ ಅವನ ಖೋಲಿ. ಒಂದು ಮಂಚ, ಒಂದು ಸ್ಟೋವ್, ಒಂದು ಮೇಜು. ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ. ಅದರೊಳಗೆ ಒಂದು ಬಲ್ಬು, ಒಂದು ಥರ್ಮಾಮೀಟರ್, ಒಂದು ಹಳೆಯ ಪಂಖ. ಹೊರಗೆ ಅದೇ ಬೋರ್ಡ್.

ಸಾಜಿಯಾ ನೋಡುತ್ತಿದ್ದಂತೆಯೇ ಕೆಂಪು ದೀಪ ಆರಿ ಹಸಿರು ಹತ್ತಿತು.

"ಅಂದಿನಿಂದ ನಡಸೇನಿ," ಎಂದ ಅಶಪಾಕ. "ಕರೆಂಟ್ ಇದ್ದಾಗೆಲ್ಲ ನಡೀತೈತಿ. ಒಂದು ಸಲ ತಪ್ಪಿಲ್ಲ. ತಪ್ಪಿದ್ದರ ಚಲೋ ಇತ್ತು. ಹಿಡದು ಸರಿ ಮಾಡ್ತಿದ್ದೆ. ಎಲ್ಲಿ ತಪ್ಪಾಗೇತಿ ಅಂತ ಸಿಗದಿದ್ದರ ಏನ ಮಾಡಬೇಕು? ಇಲ್ಲಿ ಎಲ್ಲಾ ಕೊಂಡ ಕಂಟ್ರೋಲರ್. ನಾ ಸ್ಕ್ರೂ ಬಿಗೀತೀನಿ, ಅಷ್ಟ. ಬೆಸುಗಿ ಹಿಡದಿಲ್ಲ."

"ಅಶಪಾಕ..."

"ನೀ ಸುಳ್ಳ ಹೇಳ್ತಿ ಅಂತ ಅನಿಸಿದ್ದರ ನಿನ್ನ ಮ್ಯಾಲ ಸಿಟ್ಟಾಗಿ ಮರೀತಿದ್ದೆ. ನೀ ಸುಳ್ಳ ಹೇಳಾಕಿ ಅಲ್ಲ ಅಂತ ಗೊತ್ತಿತ್ತು. ಮುಟ್ಟಿಲ್ಲ ಅಂದ್ರ ಮುಟ್ಟಿಲ್ಲ. ಹಂಗಾರ ತಪ್ಪು ನನ್ನ ಕೈದ. ನಿನ್ನ ಮಾತು ನಂಬಿ ನನ್ನ ಕೈ ನಂಬೂದು ಬಿಟ್ಟೆ."

ಸಾಜಿಯಾಳಿಗೆ ಅಳು ಬರಲಿಲ್ಲ. ಅಳುವುದು ಸಸ್ತಾ ಆಗುತ್ತಿತ್ತು.

"ನಾ ಏನ ಮಾಡಲಿ?"

"ಏನೂ ಬ್ಯಾಡ. ಬಂದು ಹೇಳಿದಿ, ಚಲೋ ಆತು." ಅವನು ಕೈ ಚಾಚಿ ಸ್ವಿಚ್ ಆರಿಸಿದ. ಹಸಿರು ದೀಪ ಆರಿತು. "ಇನ್ನ ಹೋಗು. ಕಡೀ ಬಸ್ಸು ತಪ್ಪತೈತಿ."

*

ಮುಂದಿನ ಸಂತೆಯ ದಿನ ಸಾಜಿಯಾ ಮುರಗೆಪ್ಪನ ಚಹಾದಂಗಡಿಯ ಬಾಂಕಿನ ಮೇಲೆ ಎರಡು ಥರ್ಮಾಮೀಟರ್ ಇಟ್ಟಳು. ಹೆಂಗಸರು ಕೂರುವ ಜಾಗವಲ್ಲ ಅದು. ಕೂತವರು ಸರಿದು ಜಾಗ ಬಿಟ್ಟರು.

"ಏನವಾ, ಔಷಧ ಮಾರಾಕ ಬಂದಿಯೇನು?" ಎಂದ ಮುರಗೆಪ್ಪ.

"ನಿನ್ನ ಕೈಲೆ ಒಂದರ ಬುಡಕ್ಕ ಒದ್ದಿ ಅರಬಿ ಸುತ್ತು, ಕಾಕಾ."

ಅವನು ನಗುತ್ತ ಅಂಗಡಿಯ ಬಟ್ಟೆ ಹರಿದು, ನೀರಲ್ಲಿ ಅದ್ದಿ ಸುತ್ತಿದ. ಬಿಸಿ ಗಾಳಿ ಬೀಸುತ್ತಿತ್ತು. ಉಣ್ಣೆ ಮಾರಲು ಬಂದ ದುಂಡವ್ವ ಚೀಲ ಇಳಿಸಿ ನಿಂತಳು. ಒಂದು ಬಶಿ ಚಹಾ ಕುಡಿಯುವಷ್ಟು ಹೊತ್ತು ಕಳೆಯಿತು.

"ಈಗ ಓದು."

"ಇದರಾಗ ನಲವತ್ತು," ಎಂದ ಮುರಗೆಪ್ಪ. ಇನ್ನೊಂದನ್ನು ಕಣ್ಣಿನ ಹತ್ತಿರ ಹಿಡಿದ. ನಗೆ ನಿಂತಿತು. "ಇದರಾಗ... ಇಪ್ಪತ್ತಾರು. ಇದು ಕೆಟ್ಟೇತೇನು?"

"ಎರಡೂ ಚಲೋ ಅದಾವ. ಅರಬಿ ಬಿಚ್ಚಿದರ ಅದೂ ನಲವತ್ತು ಅನ್ನತೈತಿ. ಐದು ವರ್ಷದ ಹಿಂದ ಅಶಪಾಕನ ಮಷೀನಿಗೆ ನಾ ಹಿಂಗ ಒದ್ದಿ ಗೋಣಿತಟ್ಟು ಸುತ್ತಿದ್ದೆ. ಒಳಗ ತಂಪೈತಿ ಅಂತ ತಿಳದು ಅದು ಬಲ್ಬ್ ಆರಿಸಲಿಲ್ಲ. ಮಷೀನ್ ಕೆಟ್ಟಿರಲಿಲ್ಲ. ತತ್ತಿ ಬೇಯಿಸಿದಾಕಿ ನಾನು."

ಗುಂಪಿನ ಅಂಚಿನಲ್ಲಿದ್ದ ಶಾಹನವಾಜ ತಲೆ ತಗ್ಗಿಸಿ ಸರಿದುಹೋದ.

"ಅಂದ್ರ ನನ್ನ ಕರಿ ಕೋಳಿ ತತ್ತಿ ತಿಂದಾಕಿ ನೀನ," ಎಂದಳು ದುಂಡವ್ವ.

"ನಾನ, ಅವ್ವಾ."

"ಮತ್ತ ಇಷ್ಟು ವರ್ಷ ಆ ಹುಡುಗನ್ನ ಬೈದೆನಲ್ಲ ನಾ? ಅವನ ತಾಯಿ ಎದುರಿಗೇನ ಬೈದೀನಿ. ಆ ಬೈಗುಳ ಈಗ ಹೊಳ್ಳಿ ತಗೊಳ್ಳಾಕ ಬರತೈತೇನು?"

ದುಂಡವ್ವ ಚೀಲ ಎತ್ತಿಕೊಂಡಳು.

"ಈ ಸಲ ನಾ ತತ್ತಿ ಕೊಡೂದಿಲ್ಲ," ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. "ಮುಂದಿನ ಸಲ ನೋಡೂಣು."

ಹಲವರು ಕೊಡಲಿಲ್ಲ. ಪೆಟ್ಟಿಗೆಯ ಒಂದು ಸಾಲು ಪೂರ್ತಿ ಖಾಲಿ ಉಳಿಯಿತು. ಸಾಜಿಯಾ ಖಾಲಿ ತಟ್ಟೆಗಳನ್ನೂ ಒರೆಸಿಯೇ ಇಟ್ಟಳು.

*

ಈ ಸಲ ಬಂದಷ್ಟು ತತ್ತಿಗಳು ಒಡೆಯಲು ಮೂರು ದಿನ ಇತ್ತು. ಹೊತ್ತು ಇಳಿಯುವಾಗ ಬೇಲಿಯ ಹತ್ತಿರ ಯಾರೋ ಕೆಮ್ಮಿದರು.

ಅಶಪಾಕ. ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು.

"ಮುರಗೆಪ್ಪ ಫೋನ್ ಮಾಡಿದ್ದ," ಎಂದ. "ಟೀವಿ ಕೆಟ್ಟೇತಿ, ಲಗೂನ ಬಾ ಅಂದ. ಹೋಗಿ ನೋಡಿದರ ಚಲೋನ ಇತ್ತು."

"ಮತ್ತ?"

"ಚಾ ಕುಡಿಸಿ ಎಲ್ಲಾ ಹೇಳಿದ. ನಾ ನಿನಗ ಹಂಗ ಮಾಡು ಅಂತ ಹೇಳಿರಲಿಲ್ಲ."

"ನೀ ಹೇಳೂದೇನಿತ್ತು? ಹೆಸರ ಕೆಡಿಸಿದಾಕಿ ನಾನು."

ಅವನು ಒಳಗೆ ಬಂದು ಪೆಟ್ಟಿಗೆಯ ಮುಂದೆ ನಿಂತ. ಕೊಂಡು ತಂದ ಡಬ್ಬಿಯ ಕೆಂಪು ಅಂಕಿಯನ್ನು ನೋಡಿದ. ಖಾಲಿ ಸಾಲನ್ನೂ ನೋಡಿದ.

"ಕ್ಷಮಾ ಮಾಡೇನಿ ಅಂತ ತಿಳ್ಕೋಬ್ಯಾಡ."

"ಇಲ್ಲ."

"ಸಿಟ್ಟು ಹೋಗಿಲ್ಲ."

"ಇರಲಿ. ಸಿಟ್ಟು ಇಟಗೊಂಡ ಕುಂದ್ರು."

ಅವನು ಕೂತ. ಪೆಟ್ಟಿಗೆಯೊಳಗಿಂದ ಒಂದು ಕುಕ್ಕಿದ ಸದ್ದು ಬಂತು.

"ಹೊಸದ ಮಾಡಿಕೊಡ್ತೀಯೇನು?" ಎಂದಳು ಸಾಜಿಯಾ. "ಇದನ್ನ ತಗದ ಹಾಕೂಣು."

"ಬ್ಯಾಡ. ಕೊಂಡದ್ದೂ ಇರಲಿ." ಅವನು ಗಂಟು ಬಿಚ್ಚಿದ. ಹಳೆಯ ಬೋರ್ಡಿಗೆ ಒಂದು ಸಣ್ಣ ಗಂಟೆ ಸೇರಿಸಿದ್ದ. ಆ ಬೆಸುಗೆ ಹೊಸದು, ಬೆಳ್ಳಿಯಂತೆ ಹೊಳೆಯುತ್ತಿತ್ತು. "ಇದನ್ನ ಅದರ ಬಾಜೂಕ ಹಾಕೂಣು. ಅದರ ಸೆನ್ಸರ್ ಮಾಳಿಗಿಗೆ, ಇದರದು ತತ್ತಿ ಹಂತ್ಯಾಕ. ಒಂದಕ್ಕ ಒಂದರ ಮಾತು ಕೂಡಲಿಲ್ಲಂದ್ರ ಗಂಟಿ ಬಾರಸತೈತಿ."

ಅವಳು ಆ ಹೊಸ ಬೆಸುಗೆಯನ್ನೇ ನೋಡುತ್ತಿದ್ದಳು.

"ಕೈ ನಡಗಲಿಲ್ಲೇನು?"

"ನಡಗಿತು. ಎರಡ ಸಲ ಕೈ ಸುಟ್ಟಕೊಂಡೆ."

ಅವನು ಅಂಗೈ ತೋರಿಸಿದ. ಅವಳು ಆ ಸುಟ್ಟ ಗುರುತಿನ ಮೇಲೆ ಬೆರಳಿಟ್ಟಳು. ಅವನು ಕೈ ಎಳೆದುಕೊಳ್ಳಲಿಲ್ಲ.

"ಗೋಣಿತಟ್ಟು ಎಲ್ಲಿ?" ಎಂದ, ಎರಡೂ ಸೆನ್ಸರ್ ಜಾಗಕ್ಕೆ ಕಟ್ಟಿ ಬೋರ್ಡನ್ನು ಡಬ್ಬಿಯ ಪಕ್ಕ ಕೂರಿಸಿದ ಮೇಲೆ.

ಅವಳು ಬಕೆಟ್ಟಿನಿಂದ ಎತ್ತಿ ಹಿಂಡಿದಳು. ಒಂದು ತುದಿ ಅವನು ಹಿಡಿದ, ಒಂದು ತುದಿ ಅವಳು. ಸೆನ್ಸರಿನಿಂದ ದೂರ, ಪೆಟ್ಟಿಗೆಯ ಹಿಂಬದಿಗೆ ಕಟ್ಟಿದರು. ಬಾಗಿಲು ಮುಚ್ಚಿದರು. ಅಂಕಿ ಮೂವತ್ತೇಳೂವರೆಯಲ್ಲಿ ನಿಂತಿತ್ತು. ಅದರ ಪಕ್ಕದಲ್ಲಿ ಪುಟ್ಟ ಕೆಂಪು ದೀಪ ಹತ್ತಿತು, ಆರಿತು. ಹಸಿರು ಹತ್ತಿತು.

"ಕಣ್ಣ ಕೆಳಗ ಮತ್ತ ಕಪ್ಪಾಗೇತಿ," ಎಂದ ಅಶಪಾಕ. "ಹೋಗಿ ಮಲ್ಕೊ."

ಸಾಜಿಯಾ ಅವನ ಮುಖ ನೋಡಿದಳು. "ಅದು ಎಚ್ಚರ ಇರತೈತಿ ಅನ್ನಬ್ಯಾಡ ಈಗ."

"ಅನ್ನೂದಿಲ್ಲ," ಎಂದ ಅವನು, ಅವಳ ಹಳೆಯ ಚಾಪೆಯನ್ನು ಪೆಟ್ಟಿಗೆಯ ಮುಂದೆ ಬಿಚ್ಚುತ್ತ. "ನಾ ಎಚ್ಚರ ಇರತೀನಿ."